ಹಿರಿಯರ ಮನೆಬಾಗಿಲಿನಲ್ಲಿ ನಾದಸೇವೆ

ಶ್ರೀಮದ್ಭಾಗವತದ ಸಪ್ತಮಸ್ಕಂಧದಲ್ಲಿ ಬಾಲಕ ಪ್ರಹ್ಲಾದನು ತನ್ನ ತಂದೆಗೆ ಭಕ್ತಿಯ ಒಂಬತ್ತು ವಿಧಗಳನ್ನು ನಿವೇದಿಸುತ್ತಾನೆ. ಅವುಗಳಲ್ಲಿ ಮೊದಲನೆಯದು ಶ್ರವಣ, ಎರಡನೆಯದು ಕೀರ್ತನ. ಸ್ಮರಣ, ಪಾದಸೇವನ, ಅರ್ಚನ, ವಂದನ, ದಾಸ್ಯ, ಸಖ್ಯ, ಆತ್ಮನಿವೇದನಗಳು ಅನಂತರ ಬರುತ್ತವೆ. ಈ ಕ್ರಮದ ಔಚಿತ್ಯವು ವೃದ್ಧಾಪ್ಯದಲ್ಲಿ ಚೆನ್ನಾಗಿ ಮನವರಿಕೆಯಾಗುತ್ತದೆ. ಮೊಣಕಾಲು ಬಾಗದವನಿಗೆ ವಂದನೆ ಕಷ್ಟ. ಕೈ ನಡುಗುವವನಿಗೆ ಅರ್ಚನೆ ಕಷ್ಟ. ಮೆಟ್ಟಿಲಿಳಿಯಲಾರದವನಿಗೆ ದೇವಾಲಯವೇ ದೂರ. ನೆನಪು ಮಸುಕಾದವನಿಗೆ ಸ್ಮರಣೆಯೂ ಕೈಗೂಡದು. ಅಂಥವನಿಗೂ ಒದಗುವ ಭಕ್ತಿ ಶ್ರವಣ. ಆದರೆ ಶ್ರವಣವನ್ನು ಒಬ್ಬನೇ ಆಚರಿಸಲಾಗದು. ಕೇಳುವವನಿದ್ದರೆ ಸಾಲದು, ಹಾಡುವವನೂ ಇರಬೇಕು. ಒಬ್ಬರ ಶ್ರವಣಭಕ್ತಿಯು ಪೂರ್ಣವಾಗುವುದು ಮತ್ತೊಬ್ಬರ ಕೀರ್ತನಭಕ್ತಿಯಿಂದ. ಹಿರಿಯರ ವಿಷಯದಲ್ಲಿ ಕಿರಿಯರ ಮೇಲಿರುವ ಋಣವಿದು.

ಪರೀಕ್ಷಿತ ಮಹಾರಾಜನ ವೃತ್ತಾಂತವು ಇದಕ್ಕೆ ಸಾಕ್ಷಿ. ಶೃಂಗಿಯ ಶಾಪದಿಂದ ಏಳನೆಯ ದಿನ ತಕ್ಷಕನು ತನ್ನನ್ನು ಕಚ್ಚುವನೆಂದು ತಿಳಿದ ಅರಸನು ರಾಜ್ಯವನ್ನು ತ್ಯಜಿಸಿ ಗಂಗಾತೀರದಲ್ಲಿ ಕುಳಿತನು. ಸಾವು ಸಮೀಪಿಸಿದವನು ಮಾಡತಕ್ಕದ್ದೇನು ಎಂಬುದೊಂದೇ ಅವನ ಪ್ರಶ್ನೆ. ಉತ್ತರಿಸಿದವರು ಶುಕಮುನಿಗಳು. ಅವರಿಗೆ ಆಗ ಕೇವಲ 16 ವರ್ಷ ವಯಸ್ಸೆಂದು ಭಾಗವತವು ಹೇಳುತ್ತದೆ. ಗೃಹಸ್ಥರ ಬಾಗಿಲಿನಲ್ಲಿ ಹಸುವಿನ ಹಾಲು ಕರೆಯುವಷ್ಟು ಹೊತ್ತಿಗಿಂತ ಹೆಚ್ಚು ನಿಲ್ಲದ ವಿರಾಗಿ ಅವರು. ಅಂಥವರು ಯಾರೂ ಕರೆಯದೆ ತಾವಾಗಿ ಬಂದು, ಮರಣದ ಅಂಚಿನಲ್ಲಿದ್ದವನ ಬಳಿ ಏಳು ದಿನ ಕುಳಿತರು. ಹರಿಕಥಾಮೃತವನ್ನು ಸವಿಯುತ್ತಿದ್ದ ರಾಜನಿಗೆ ಹಸಿವು ಬಾಯಾರಿಕೆಗಳ ಬಾಧೆಯೇ ತಿಳಿಯಲಿಲ್ಲ. ಶಾಪವೇನೂ ತಪ್ಪಲಿಲ್ಲ, ತಕ್ಷಕನು ಬಂದೇ ಬಂದನು. ಆದರೆ ಅವನು ಬರುವ ಹೊತ್ತಿಗೆ ರಾಜನ ಭಯವು ಅಳಿದಿತ್ತು. ಹಾಡು ಮುಪ್ಪನ್ನು ನಿವಾರಿಸದು, ರೋಗವನ್ನು ತೊಲಗಿಸದು. ಭಯವನ್ನೂ ಒಂಟಿತನವನ್ನೂ ಅದು ಕಳೆಯಬಲ್ಲುದು.

ಶುಕಮುನಿಗಳು ತೋರಿದ ಈ ಮಾರ್ಗವನ್ನು ಕನ್ನಡನಾಡಿನಲ್ಲಿ ಬೀದಿಬೀದಿಗೆ ತಂದವರು ಹರಿದಾಸರು. ವಿಜಯನಗರದ ಕಾಲದಲ್ಲಿ ಪುರಂದರದಾಸರು ಕಾಲಿಗೆ ಗೆಜ್ಜೆ ಕಟ್ಟಿ, ಕೈಯಲ್ಲಿ ತಂಬೂರಿ ಹಿಡಿದು ಮನೆಮನೆಯ ಮುಂದೆ ಹಾಡಿದರು. ಕರ್ನಾಟಕ ಸಂಗೀತದ ಪಿತಾಮಹರೆನಿಸಿ, ಸರಳೆ ಅಲಂಕಾರಗಳ ಪಾಠಕ್ರಮವನ್ನು ರೂಪಿಸಿದವರೆಂದು ಪ್ರಸಿದ್ಧರಾದ ಮಹನೀಯರು ಸಭಾಮಂಟಪವನ್ನು ಬಯಸಲಿಲ್ಲ. ದುಂಬಿಯು ಹೂವಿನಿಂದ ಹೂವಿಗೆ ಹೋಗುವಂತೆ ಬಾಗಿಲಿನಿಂದ ಬಾಗಿಲಿಗೆ ಹೋಗುವ ಆ ನಡೆಗೆ ಮಧುಕರವೃತ್ತಿಯೆಂದೇ ಹೆಸರು. ಭಿಕ್ಷೆಯು ಹಿಡಿ ಅಕ್ಕಿಯಾದರೂ, ಹೊಸ್ತಿಲ ಒಳಗೆ ಚಾಪೆಯ ಮೇಲೆ ಮಲಗಿದ್ದ ಅಜ್ಜಿಗೆ ದೊರೆತದ್ದು ಭಗವಂತನ ನಾಮ. ಆಕೆ ದೇವರನ್ನು ಅರಸಿ ಹೋಗಬೇಕಾಗಿರಲಿಲ್ಲ.

ಇನ್ನು ವಾಗ್ಳೆ ಎಸ್ಟೇಟಿನ ಕಡೆಗೆ ದೃಷ್ಟಿ ಹರಿಸಬೇಕು. ಮಹಾರಾಷ್ಟ್ರ ಕೈಗಾರಿಕಾ ಅಭಿವೃದ್ಧಿ ನಿಗಮವು 1962ರಲ್ಲಿ ಸ್ಥಾಪನೆಯಾದಾಗ ಅದರ ಕಾರ್ಯಕ್ಕೆ ನಾಂದಿಯಾದದ್ದು ಥಾಣೆಯ ಈ ನೆಲದಲ್ಲಿಯೇ. ಇಲ್ಲಿನ ಕಾರ್ಖಾನೆಗಳನ್ನೂ ಹೋಟೆಲುಗಳನ್ನೂ ನಂಬಿ ಕರಾವಳಿಯಿಂದಲೂ ಉತ್ತರ ಕರ್ನಾಟಕದಿಂದಲೂ ಬಂದ ಕನ್ನಡಿಗರು ಇಲ್ಲಿಯೇ ಮುಪ್ಪಾದರು. ಅನೇಕ ಕಾರ್ಖಾನೆಗಳು ಮುಚ್ಚಿದವು. ಅವುಗಳ ಜಾಗದಲ್ಲಿ ಗಾಜಿನ ಗೋಡೆಯ ಕಚೇರಿಗಳು ಎದ್ದವು. ಅಂದು ಮೂರು ಪಾಳಿಗಳಲ್ಲಿ ದುಡಿದವರು ಇಂದು ಲಿಫ್ಟ್ ಇಲ್ಲದ ಕಟ್ಟಡಗಳ ಮೂರನೆಯ, ನಾಲ್ಕನೆಯ ಮಹಡಿಗಳಲ್ಲಿ ಕಿಟಕಿಯ ಬಳಿ ಕುಳಿತಿರುತ್ತಾರೆ. ಯಂತ್ರಗಳ ಸದ್ದಿನಿಂದ ಕೆಲವರ ಕಿವಿ ಮಂದವಾಗಿದೆ. ಮಕ್ಕಳು ಬೆಳಗಿನ ಲೋಕಲ್ ರೈಲಿಗೆ ಹೊರಟರೆ ಮರಳುವುದು ರಾತ್ರಿ. ಮೊಮ್ಮಕ್ಕಳ ನಾಲಗೆಯ ಮೇಲೆ ಮರಾಠಿ, ಹಿಂದಿ, ಇಂಗ್ಲಿಷುಗಳು ಆಡುತ್ತವೆ. ಇಡೀ ದಿನ ಒಂದು ಕನ್ನಡ ಮಾತನ್ನೂ ಕೇಳದೆ ಸಂಜೆಯನ್ನು ಕಾಣುವ ಹಿರಿಯರುಂಟು. ಕೆಳಗಡೆ ನವರಾತ್ರಿಯ ಮಂಟಪದಲ್ಲಿ ಧ್ವನಿವರ್ಧಕಗಳು ಮೊಳಗುವಾಗ, ಮೇಲೆ ಅದೇ ದೇವಿಯ ಭಕ್ತೆಯೊಬ್ಬಳು ಸದ್ದನ್ನು ತಾಳಲಾರದೆ ಕಿಟಕಿ ಮುಚ್ಚಿಸಿಕೊಂಡರೆ, ಆ ಉತ್ಸವವು ಯಾರಿಗೆ ಸಂದಿತು?

ರೇಡಿಯೋ ಇದೆ, ದೂರದರ್ಶನವಿದೆ, ಮೊಬೈಲಿನಲ್ಲಿ ಸಾವಿರ ಕೀರ್ತನೆಗಳಿವೆ, ಹಾಡುವವರು ಏಕೆ ಹೋಗಬೇಕು ಎಂಬ ಆಕ್ಷೇಪವು ಸಹಜ. ಯಂತ್ರದ ಉಪಕಾರವನ್ನು ಅಲ್ಲಗಳೆಯಬೇಕಾಗಿಲ್ಲ. ಆದರೆ ಯಂತ್ರವು ಕೇಳುವವರ ಮುಖವನ್ನು ನೋಡದು. ಎದುರಿನಲ್ಲಿ ಕುಳಿತು ಹಾಡುವವನು ನೋಡುತ್ತಾನೆ. ತುಟಿ ಅಲುಗಿದ್ದನ್ನು ಕಂಡು ಲಯವನ್ನು ನಿಧಾನಗೊಳಿಸುತ್ತಾನೆ. ನಡುಗುವ ಕಂಠವೊಂದು ಜೊತೆಗೂಡಲೆಂದು ಶ್ರುತಿಯನ್ನು ತಗ್ಗಿಸಿ ಪಲ್ಲವಿಯನ್ನು ಮತ್ತೊಮ್ಮೆ ಎತ್ತಿಕೊಳ್ಳುತ್ತಾನೆ. ಮರೆವಿನ ಕಾಯಿಲೆಯಿಂದ ಸ್ವಂತ ಮಕ್ಕಳ ಹೆಸರನ್ನೇ ಮರೆತವರು, ಬಾಲ್ಯದಲ್ಲಿ ಕಲಿತ ಹಾಡಿನ ಮೊದಲ ನುಡಿ ಕಿವಿಗೆ ಬಿದ್ದೊಡನೆ ಮುಂದಿನದನ್ನು ತಾವೇ ಹಾಡುವುದುಂಟು. ಆ ಕ್ಷಣದಲ್ಲಿ ಕೇಳುಗರಾಗಿದ್ದವರು ಕೀರ್ತನಕಾರರಾಗುತ್ತಾರೆ. ಹಾಡಲು ಬಂದವರಿಗೆ ಶ್ರವಣದ ಪುಣ್ಯ ಲಭಿಸುತ್ತದೆ. ಈ ವಿನಿಮಯವು ಯಂತ್ರದಿಂದ ನಡೆಯದು.

ಪಾಶ್ಚಾತ್ಯರೂ ಈ ಸತ್ಯವನ್ನು ಮನಗಂಡಿದ್ದಾರೆ. ವಿಶ್ವವಿಖ್ಯಾತ ಪಿಟೀಲುವಾದಕ ಯೆಹೂದಿ ಮೆನುಹಿನ್ 1952ರಲ್ಲಿ ಮುಂಬಯಿಗೆ ಬಂದಾಗ, ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ ಜನಿಸಿ ಪುಣೆಯಲ್ಲಿ ನೆಲೆಸಿದ್ದ ಬಿ.ಕೆ.ಎಸ್. ಅಯ್ಯಂಗಾರರನ್ನು ಕಂಡು ಅವರಿಗೆ ಯೋಗಶಿಷ್ಯರಾದರು. ಅದೇ ಮೆನುಹಿನ್ 1977ರಲ್ಲಿ ಇಂಗ್ಲೆಂಡಿನಲ್ಲಿ ‘ಲೈವ್ ಮ್ಯೂಸಿಕ್ ನೌ’ ಎಂಬ ಸಂಸ್ಥೆಯನ್ನು ಹುಟ್ಟುಹಾಕಿದರು. ಸಂಗೀತಸಭೆಗೆ ಬರಲಾರದ ವೃದ್ಧರು, ರೋಗಿಗಳು, ಅಂಗವಿಕಲ ಮಕ್ಕಳು ಇರುವಲ್ಲಿಗೇ ನುರಿತ ಯುವಕಲಾವಿದರನ್ನು ಕಳುಹಿಸುವುದು ಅದರ ಕಾರ್ಯ. ಹರಿದಾಸರು ಗೆಜ್ಜೆ ಕಟ್ಟಿ ನಡೆದ ದಾರಿಗೆ ಇದೂ ಸಮೀಪದ್ದೇ.

ಸೇವೆಗೂ ಒಂದು ವಿಧಿಯುಂಟು. ಮೊದಲು ಮನೆಯವರನ್ನೂ ಹಿರಿಯರನ್ನೂ ಕೇಳಿ ಒಪ್ಪಿಗೆ ಪಡೆಯತಕ್ಕದ್ದು. ಮಧ್ಯಾಹ್ನದ ವಿಶ್ರಾಂತಿಗೆ ಭಂಗ ತರಲಾಗದು. ಸಣ್ಣ ಕೋಣೆಗೆ ಮೂವರು ಹೋದರೆ ಸಾಕು. ತಂಬೂರಿಯೋ ಹಾರ್ಮೋನಿಯಮ್ಮೋ ಇದ್ದರೆ ಸಾಕು. ತಾಳವನ್ನು ಜೋರಾಗಿ ಬಡಿದರೆ ಸಾಹಿತ್ಯವು ಮುಚ್ಚಿಹೋಗುತ್ತದೆ. ಕಿವಿ ಮಂದವಾದವರ ಎದುರಿಗೆ, ಹತ್ತಿರದಲ್ಲಿ, ತುಟಿ ಕಾಣುವಂತೆ ಕುಳಿತು ತಗ್ಗಿದ ಸ್ಥಾಯಿಯಲ್ಲಿ ಹಾಡಬೇಕು. ಹಾಡನ್ನು ಆರಿಸುವ ಹಕ್ಕು ಅವರದು. ದಾಸರ ಪದವಾಗಲಿ, ಶರಣರ ವಚನವಾಗಲಿ, ಬೀಸುವ ಪದವಾಗಲಿ, ಯಕ್ಷಗಾನದ ಹಾಡಾಗಲಿ, ಅವರ ತಾಯಿಯ ಬಾಯಲ್ಲಿ ಕೇಳಿದ್ದೇ ಅವರಿಗೆ ವೇದ. ಕಣ್ಣೀರು ಬಂದರೆ ಉಪದೇಶಕ್ಕೆ ತೊಡಗದೆ ಮೌನವಾಗಿ ಕುಳಿತಿರಬೇಕು. ಅರ್ಧ ಗಂಟೆಯಾದ ಮೇಲೆ ಎದ್ದು ನಮಸ್ಕರಿಸಿ ಹೊರಡಬೇಕು. ಎಲ್ಲಕ್ಕಿಂತ ಮಿಗಿಲಾಗಿ, ಮುಂದಿನ ವಾರ ಬರುತ್ತೇವೆಂದು ಹೇಳಿದರೆ ಬರಲೇಬೇಕು. ಆಸೆ ಹುಟ್ಟಿಸಿ ಬಾಗಿಲನ್ನೇ ನೋಡುತ್ತ ಕೂರುವಂತೆ ಮಾಡುವುದಕ್ಕಿಂತ ಮೊದಲೇ ಹೋಗದಿರುವುದು ಲೇಸು. ಭಾವಚಿತ್ರಕ್ಕಾಗಿ ಮಾಡಿದ ಸೇವೆಯು ಭಾವಚಿತ್ರದಲ್ಲಿಯೇ ಮುಗಿಯುತ್ತದೆ.

ನೆರೆಯ ಮನೆಯವರು ಮರಾಠಿಗರೆಂದು ಸಂಕೋಚಪಡಬೇಕಾಗಿಲ್ಲ. ಪಂಢರಪುರದ ವಿಠ್ಠಲನನ್ನು ಜ್ಞಾನೇಶ್ವರರೇ ಕನ್ನಡದವನೆಂದು ಹಾಡಿದ್ದಾರೆ. ಪುರಂದರದಾಸರ ಅಂಕಿತವೂ ಅವನದೇ. ಗದಗಿನ ನೆಲದಲ್ಲಿ 1922ರಲ್ಲಿ ಜನಿಸಿ ಪುಣೆಯನ್ನು ಮನೆಯಾಗಿಸಿಕೊಂಡ ಪಂಡಿತ ಭೀಮಸೇನ ಜೋಶಿಯವರು ದಾಸವಾಣಿಯನ್ನೂ ಅಭಂಗವಾಣಿಯನ್ನೂ ಒಂದೇ ಭಕ್ತಿಯಿಂದ ಹಾಡಿದರು. ಕನ್ನಡದ ಅಜ್ಜನಿಗಾಗಿ ಒಂದು ಪದ, ಪಕ್ಕದ ಮನೆಯ ಆಜಿಗಾಗಿ ಒಂದು ಅಭಂಗ ಹಾಡಿದರೆ ಇಡೀ ಮಹಡಿಯೇ ದೇವಾಲಯವಾಗುತ್ತದೆ.

ದಸರೆಯಲ್ಲಿ ವಾಗ್ಳೆ ಎಸ್ಟೇಟಿನ ಯಂತ್ರಗಳಿಗೆ ಹೂಮಾಲೆ ಬೀಳುತ್ತದೆ. ಲೇತ್ ಯಂತ್ರಕ್ಕೂ ಕುಂಕುಮ ಏರುತ್ತದೆ. ಆಯುಧಕ್ಕೆ ಪೂಜೆ ಸಲ್ಲುವುದು ಯುಕ್ತವೇ. ಆದರೆ ಆ ಯಂತ್ರವನ್ನು ಮೂವತ್ತು ವರ್ಷ ನಡೆಸಿದ ಕೈಗಳು ಇಂದು ಮೇಲಿನ ಮಹಡಿಯೊಂದರಲ್ಲಿ ತೊಡೆಯ ಮೇಲೆ ಸುಮ್ಮನೆ ಕುಳಿತಿವೆ. ಹಾಡು ಕೇಳಿದಾಗ ಆ ಬೆರಳುಗಳು ತಾಳ ಹಾಕತೊಡಗಿದರೆ, ವೀಣಾಪಾಣಿಯಾದ ಶಾರದೆಯು ಆ ಮನೆಗೆ ಬಂದಳೆಂದೇ ತಿಳಿಯಬೇಕು. ಈ ವಿಜಯದಶಮಿಯಂದು ಬನ್ನಿಯನ್ನು ಹಂಚುವವರು ಒಂದು ಎಲೆಯನ್ನೂ ಒಂದು ಹಾಡನ್ನೂ ಅಲ್ಲಿಗೆ ಒಯ್ಯಲಿ.

ಶ್ರೀಕೃಷ್ಣಾರ್ಪಣಮಸ್ತು.