ಒಂದು ಹೆಚ್ಚಿನ ಶರಣು

ಕಲ್ಯಾಣದ ಬೀದಿಯಲ್ಲಿ ಒಂದು ದಿನ ಸಮಗಾರ ಹರಳಯ್ಯನವರು ಎದುರಾದ ಬಸವಣ್ಣನವರಿಗೆ ಕೈಮುಗಿದು ‘ಶರಣು’ ಎಂದರಂತೆ. ಮಂತ್ರಿಪದವಿಯಲ್ಲಿದ್ದ ಬಸವಣ್ಣನವರು ‘ಶರಣು ಶರಣಾರ್ಥಿ’ ಎಂದು ಮರುನುಡಿದರು. ಕೊಟ್ಟುದು ಒಂದು, ಬಂದುದು ಎರಡು. ಆ ಋಣವನ್ನು ತೀರಿಸುವ ಪರಿ ಕಾಣದೆ ಹರಳಯ್ಯ ಕಲ್ಯಾಣಮ್ಮ ದಂಪತಿಗಳು ತಮ್ಮ ತೊಡೆಯ ಚರ್ಮದಿಂದಲೇ ಪಾದರಕ್ಷೆಗಳನ್ನು ಮಾಡಿ ತಂದರೆಂಬುದು ಶರಣ ಪರಂಪರೆಯ ಕಥೆ. ಪುರಾಣಪ್ರವಚನದಲ್ಲಿ ಈ ಸಂದರ್ಭ ಬಂದಾಗ ಕಣ್ಣೊರಸಿಕೊಳ್ಳದ ಭಕ್ತರಿಲ್ಲ. ಆದರೆ ಬಸವಣ್ಣನವರು ಆ ಹೆಚ್ಚಿನ ಶರಣನ್ನು ಏತಕ್ಕೆ ನುಡಿದರೆಂದು ವಿಚಾರಿಸುವವರು ವಿರಳ.

ಲೆಕ್ಕದ ಸಮತೆಯೇ ಸಾಕಾಗಿದ್ದರೆ ಒಂದಕ್ಕೆ ಒಂದು ಸರಿಹೋಗುತ್ತಿತ್ತು. ಎದುರು ನಿಂತವನು ತಲೆತಲಾಂತರದಿಂದ ಬೀದಿಯ ಅಂಚಿನಲ್ಲಿ ಸರಿದು ನಡೆದವನು, ಅವನ ಕೈ ಮುಗಿಯುವುದರಲ್ಲಿ ಭಕ್ತಿಯೊಂದಿಗೆ ಅಂಜಿಕೆಯೂ ಬೆರೆತಿದೆ ಎಂಬುದನ್ನು ಅಣ್ಣನವರು ಕಂಡರು. ಕಂಡುದರಿಂದಲೇ ಎರಡು ನುಡಿದರು. ಕುಲವನ್ನು ಕೇಳಬಾರದೆಂಬ ಶರಣವಾಕ್ಯಕ್ಕೆ, ಕುಲದಿಂದಾದ ಗಾಯವನ್ನು ನೋಡಬಾರದೆಂದು ಅರ್ಥವಿಲ್ಲ.

ಇಂದು ಸದ್ಭಕ್ತರ ಮನೆಯ ಜಗುಲಿಗಳಲ್ಲಿಯೂ ಒಂದು ಪ್ರಶ್ನೆ ಕೇಳಿಬರುವುದುಂಟು: ‘ಕಾನೂನಿನ ಮುಂದೆ ಎಲ್ಲರೂ ಒಂದೇ ಅಲ್ಲವೆ? 1950ರ ಸಂವಿಧಾನ ಅಸ್ಪೃಶ್ಯತೆಯನ್ನು ತೊಡೆದುಹಾಕಿತು. ಆ ಬಳಿಕ 1955ರದೊಂದು ಕಾಯಿದೆ, 1989ರ ದೌರ್ಜನ್ಯ ತಡೆ ಕಾಯಿದೆ ಎಂದು ಕೆಲವರಿಗೆ ಮಾತ್ರ ಬೇರೆ ರಕ್ಷಣೆ ಏಕೆ?’ ಈ ಪ್ರಶ್ನೆಯನ್ನು ಕೇಳುವವರೆಲ್ಲ ದುಷ್ಟರಲ್ಲ, ಬಹುಮಂದಿ ಸಜ್ಜನರೇ. ಆದುದರಿಂದಲೇ ಉತ್ತರವನ್ನು ಸಾವಧಾನದಿಂದ ಹೇಳಬೇಕಾಗಿದೆ.

ಹೊಸಕೋಟೆ ತಾಲ್ಲೂಕಿನ ಅನುಗೊಂಡನಹಳ್ಳಿಯ ಗೃಹಸ್ಥನು ಉತ್ತರಕ್ಕಾಗಿ ದೂರ ಹೋಗಬೇಕಾಗಿಲ್ಲ. ಪಕ್ಕದಲ್ಲಿಯೇ ಮಾಲೂರು ತಾಲ್ಲೂಕು. ಅಲ್ಲಿಯ ಉಳ್ಳೇರಹಳ್ಳಿಯಲ್ಲಿ 2022ರ ಸೆಪ್ಟೆಂಬರಿನಲ್ಲಿ, ಗ್ರಾಮದೇವತೆಯ ಉತ್ಸವದ ಕೋಲನ್ನು ಮುಟ್ಟಿದನೆಂದು ದಲಿತ ಬಾಲಕನ ಮನೆಯವರಿಗೆ ಊರಿನ ಹಿರಿಯರು 60,000 ರೂಪಾಯಿ ದಂಡ ವಿಧಿಸಿದರು. ತೆರದಿದ್ದರೆ ಊರು ಬಿಡಬೇಕೆಂದರು. ತಾಯಿ ಬೆಂಗಳೂರಿಗೆ ಹೋಗಿ ಮನೆಗೆಲಸ ಮಾಡಿ ಸಂಸಾರ ಸಾಗಿಸುವವಳು. ಆಕೆ ದಂಡ ತೆರಲಿಲ್ಲ, ಪೊಲೀಸರಿಗೆ ದೂರು ಕೊಟ್ಟಳು. ದಲಿತ ಸಂಘಟನೆಗಳವರು ಊರಿಗೆ ಬಂದು ಬೆಂಬಲವಾಗಿ ನಿಂತರು. ಆ ಮನೆಯ ಗೋಡೆಯಿಂದ ದೇವರ ಪಟಗಳು ಇಳಿದು ಅಂಬೇಡ್ಕರರ ಪಟ ಏರಿತು. ದೇವರನ್ನು ನಂಬಿದವರಿಗೆ ಈ ಕೊನೆಯ ಮಾತು ನೋವು ತರಬಹುದು. ಆದರೆ ಆ ಪಟಗಳನ್ನು ಇಳಿಸಿದವರು ನಿಜವಾಗಿ ಯಾರೆಂದು ಕೇಳಿಕೊಂಡ ಮೇಲೆ ನೊಂದುಕೊಳ್ಳುವುದು ಲೇಸು.

ಇನ್ನೂ ಘೋರವಾದುದು ಕಂಬಾಲಪಲ್ಲಿಯ ಕಥೆ. ಅಂದು ಕೋಲಾರ ಜಿಲ್ಲೆಗೆ ಸೇರಿದ್ದ ಚಿಂತಾಮಣಿ ತಾಲ್ಲೂಕಿನ ಆ ಹಳ್ಳಿಯಲ್ಲಿ 2000ದ ಮಾರ್ಚ್ 11ರಂದು ಏಳು ಮಂದಿ ದಲಿತರು ಬೆಂಕಿಯಲ್ಲಿ ಬೆಂದುಹೋದರು. ಕಾಯಿದೆಯಿತ್ತು, ನ್ಯಾಯಸ್ಥಾನವಿತ್ತು, ವಿಚಾರಣೆಯೂ ನಡೆಯಿತು. 2006ರಲ್ಲಿ ಆರೋಪಿಗಳೆಲ್ಲರ ಬಿಡುಗಡೆಯಾಯಿತು. 2014ರಲ್ಲಿ ಉಚ್ಚ ನ್ಯಾಯಾಲಯವೂ ಅದನ್ನೇ ಎತ್ತಿಹಿಡಿಯಿತು. ಸಾಕ್ಷಿಗಳು ತಿರುಗಿಬಿದ್ದಿದ್ದರು. ನ್ಯಾಯಾಧೀಶರು ಸಾಕ್ಷ್ಯವಿಲ್ಲದೆ ಶಿಕ್ಷಿಸಲಾರರು. ಅದು ನ್ಯಾಯದ ಕ್ರಮವೇ ಸರಿ. ಆದರೆ ಇಂತಹ ಮೊಕದ್ದಮೆಗಳಲ್ಲಿ ಸಾಕ್ಷಿಯು ಕಟಕಟೆಯಿಂದ ಇಳಿದು ಮರಳಬೇಕಾದುದು ಅದೇ ಊರಿಗೆ. ಕೂಲಿ ದೊರೆಯುವುದು ಅದೇ ಹೊಲದಲ್ಲಿ, ಸಾಲ ಹುಟ್ಟುವುದು ಅದೇ ಬಾಗಿಲಲ್ಲಿ. ಪ್ರಮಾಣವಚನ ಎಲ್ಲರಿಗೂ ಒಂದೇ. ಅದನ್ನು ನುಡಿಯಲು ತೆರಬೇಕಾದ ಬೆಲೆ ಒಂದೇ ಅಲ್ಲ. 2015ರ ತಿದ್ದುಪಡಿ ನೊಂದವರಿಗೂ ಸಾಕ್ಷಿಗಳಿಗೂ ರಕ್ಷಣೆ, ಪ್ರಯಾಣವೆಚ್ಚ ಮೊದಲಾದ ಹಕ್ಕುಗಳನ್ನು 1989ರ ಕಾಯಿದೆಗೆ ಸೇರಿಸಿತು. ಇದನ್ನು ಪಕ್ಷಪಾತವೆನ್ನುವವರು ಬಸವಣ್ಣನವರ ಎರಡನೆಯ ಶರಣನ್ನೂ ಪಕ್ಷಪಾತವೆನ್ನಬೇಕಾದೀತು.

ಈ ವಿಚಾರ ನಮ್ಮ ನಾಡಿಗೆ ಮಾತ್ರ ಸೇರಿದುದಲ್ಲ. ಅಮೆರಿಕೆಯಲ್ಲಿ 1954ರಲ್ಲಿ ಅಲ್ಲಿಯ ಸರ್ವೋಚ್ಚ ನ್ಯಾಯಾಲಯವು ಕರಿಯರ ಮಕ್ಕಳಿಗೆ ಬೇರೆ ಶಾಲೆ ಕೂಡದೆಂದು ತೀರ್ಪಿತ್ತಿತು. ಕಾಲು ಶತಮಾನದ ಮೇಲೆ ಡೆರಿಕ್ ಬೆಲ್ ಎಂಬ ಕರಿಯ ನ್ಯಾಯಶಾಸ್ತ್ರಜ್ಞರು, ಬಲ್ಲಿದರ ಹಿತವೂ ಕೂಡಿಬಂದಾಗ ಮಾತ್ರ ಕಾನೂನು ದುರ್ಬಲರ ಕಡೆಗೆ ವಾಲುತ್ತದೆಂದು 1980ರಲ್ಲಿ ಬರೆದರು. ಬಣ್ಣವನ್ನು ನೋಡುವುದಿಲ್ಲವೆನ್ನುವ ಕಾನೂನು ಬಣ್ಣದಿಂದಾದ ಅನ್ಯಾಯವನ್ನೂ ನೋಡದೆ ಹೋಗುತ್ತದೆಂಬುದು ಅವರೂ ಅವರ ಸಂಗಡಿಗರೂ ಬೆಳೆಸಿದ ಶಾಸ್ತ್ರದ ತಿರುಳು. ಬೆಲ್ ಅವರ ಮಾತು ತುಸು ಕಟುವಾಯಿತು. ಸ್ವಹಿತವನ್ನು ಮೀರಿದ ದಯೆಯೇ ಲೋಕದಲ್ಲಿಲ್ಲವೆಂದರೆ ಕಲ್ಯಾಣವೇ ಸುಳ್ಳಾಗುತ್ತದೆ. ಆದರೂ ಅದನ್ನು ತಳ್ಳಿಹಾಕುವ ಮೊದಲು ಬಿಜ್ಜಳನ ಆಸ್ಥಾನವನ್ನು ನೆನೆಯಬೇಕು. ಹರಳಯ್ಯನವರ ಮಗನಿಗೂ ಮಧುವರಸರ ಮಗಳಿಗೂ ವಿವಾಹವಾದಾಗ ಆ ತಂದೆಯರಿಗೆ ಎಳೆಹೂಟೆಯ ಶಿಕ್ಷೆಯಾಯಿತೆಂದು ಪರಂಪರೆ ಹೇಳುತ್ತದೆ. ಆ ಶಿಕ್ಷೆ ಅರಾಜಕತೆಯಿಂದಾದುದಲ್ಲ. ವರ್ಣಸಂಕರವನ್ನು ತಡೆಯುವುದು ರಾಜಧರ್ಮವೆಂದೇ ಅಂದಿನ ಶಾಸ್ತ್ರಗಳು ಸಾರಿದ್ದವು. ಧರ್ಮಾಸನದಿಂದಲೇ ಆ ಆಜ್ಞೆ ಹೊರಟಿತು.

ನಮ್ಮ ನ್ಯಾಯಾಲಯಗಳೂ ಕೆಲವೊಮ್ಮೆ ಕಣ್ತೆರೆದುದುಂಟು. ಹೊಸದಾಗಿ ಕೊರೆದ ಕೊಳವೆಬಾವಿಯಿಂದ ನೀರು ಸೇದಲು ಹೋದ ಹರಿಜನರನ್ನು ಬಂದೂಕು ತೋರಿ ತಡೆದ ಕರ್ನಾಟಕದ ಮೊಕದ್ದಮೆಯೊಂದರಲ್ಲಿ, ಕೆಳಗಿನ ನ್ಯಾಯಾಲಯ ವಿಧಿಸಿದ್ದ ಶಿಕ್ಷೆಯನ್ನು ಉಚ್ಚ ನ್ಯಾಯಾಲಯ ರದ್ದುಪಡಿಸಿತ್ತು. ಸರ್ವೋಚ್ಚ ನ್ಯಾಯಾಲಯವು 1992ರಲ್ಲಿ ಆ ಶಿಕ್ಷೆಯನ್ನು ಮರಳಿ ಊರ್ಜಿತಗೊಳಿಸಿತು. ಅಪ್ಪಾ ಬಾಳು ಇಂಗಳೆ ಪ್ರಕರಣವೆಂದು ಅದು ಹೆಸರಾಗಿದೆ. ನೀರು ಸೇದಲು ಬಂದವರೇ ಅಲ್ಲಿ ನ್ಯಾಯಾಲಯದವರೆಗೂ ಹೋಗಿ, ಕಂಡುದನ್ನು ಕಂಡಂತೆ ಹೇಳಬೇಕಾಯಿತು.

ಇಂತಹ ದಿನ ಬಾವಿಯ ಬಳಿಯಲ್ಲಿಯೋ ಉತ್ಸವದ ಬೀದಿಯಲ್ಲಿಯೋ ಅರಳಿಕಟ್ಟೆಯ ಮೇಲೆಯೋ ಲಿಂಗಧಾರಿಯೊಬ್ಬನೂ ಇದ್ದೇ ಇರುತ್ತಾನೆ. ಅವನಿಗೆ ಹೊಲವುಂಟು, ಮನೆಯುಂಟು. ಸಾಕ್ಷಿ ನುಡಿದ ಮಾತ್ರಕ್ಕೆ ಅವನ ಒಲೆ ಆರುವುದಿಲ್ಲ. ನ್ಯಾಯಾಲಯದ ಜವಾನನು ಬಾಗಿಲಿಗೆ ಬಂದು ಹೆಸರು ಕೂಗುವಾಗ, ಆ ತಾಯಿಯ ಹೆಸರಿನ ಹಿಂದೆ ಅವನ ಹೆಸರೂ ಇರುವುದೋ ಇಲ್ಲವೋ.