ಋಣಮೋಚನ: ಸ್ತೋತ್ರವೂ ಲೆಕ್ಕದ ಪುಸ್ತಕವೂ

॥ ಶ್ರೀಲಕ್ಷ್ಮೀನೃಸಿಂಹಾಯ ನಮಃ ॥

ಕಳೆದ ಮಾಘಮಾಸದ ಒಂದು ಗುರುವಾರ, ರಾಯರ ಸನ್ನಿಧಿಯಲ್ಲಿ ಮಂಗಳಾರತಿಯಾಗಿ ಭಕ್ತರು ತೆರಳಿದ ಮೇಲೆ, ಡೊಂಬಿವಲಿಯಿಂದ ಬರುವ ಗೃಹಸ್ಥರೊಬ್ಬರು ನಮ್ಮನ್ನು ಕಂಬದ ಮರೆಗೆ ಕರೆದು ಮೆಲುದನಿಯಲ್ಲಿ ಕೇಳಿದರು: "ಆಚಾರ್ಯರೇ, ಋಣವಿಮೋಚನ ನೃಸಿಂಹಸ್ತೋತ್ರವನ್ನು ದಿನಕ್ಕೆ ಎಷ್ಟು ಆವೃತ್ತಿ ಪಠಿಸಿದರೆ ಸಾಲ ತೀರುತ್ತದೆ?" ಪಠಣವನ್ನು ಬಿಡಬೇಡಿರೆಂದು ಹೇಳಿ, ಮುಂದಿನ ಗುರುವಾರ ಸಾಲದ ಕಾಗದಪತ್ರಗಳನ್ನೂ ತರಬೇಕೆಂದು ಸೂಚಿಸಿದೆವು. ಅವರ ಅನುಮತಿ ಪಡೆದೇ ಇಲ್ಲಿ ಬರೆಯುತ್ತಿದ್ದೇವೆ.

ಮೂರು ವರ್ಷಗಳ ಹಿಂದೆ ಮಗನ ಉಪನಯನಕ್ಕಾಗಿ ಕ್ರೆಡಿಟ್ ಕಾರ್ಡಿನ ಮೇಲೆ ಅವರು ಮಾಡಿದ ಸಾಲ 1,00,000 ರೂಪಾಯಿ. ಬಡ್ಡಿ ತಿಂಗಳಿಗೆ ನೂರಕ್ಕೆ ಮೂರೂವರೆ. ಆ ಬಡ್ಡಿಯ ಮೇಲೆ ನೂರಕ್ಕೆ 18ರಂತೆ ಜಿ.ಎಸ್.ಟಿ. ಪ್ರತಿ ತಿಂಗಳೂ ಅವರು ಕಟ್ಟುತ್ತಿದ್ದುದು 'ಮಿನಿಮಮ್ ಡ್ಯೂ' ಎಂದು ಬಿಲ್ಲಿನಲ್ಲಿ ಅಚ್ಚಾಗಿ ಬರುವ ಮೊತ್ತ, ಎಂದರೆ ಬಾಕಿಯ ನೂರಕ್ಕೆ ಐದು. ಮೊದಲ ತಿಂಗಳು ಕಟ್ಟಿದ 5,000 ರೂಪಾಯಿಗಳಲ್ಲಿ ಬಡ್ಡಿಗೆ 3,500, ತೆರಿಗೆಗೆ 630 ಹೋಗಿ ಅಸಲಿಗೆ ಸಂದದ್ದು 870 ಮಾತ್ರ. ಬಾಕಿ ಇಳಿದಂತೆ ಕಂತೂ ಇಳಿಯುತ್ತದೆಯಾದ್ದರಿಂದ ಸಾಲಕ್ಕೆ ಕೊನೆಯೆಂಬುದೇ ಕಾಣದು. ಮೂರು ವರ್ಷಗಳಲ್ಲಿ ಅವರು ಸುಮಾರು 1,55,000 ಕಟ್ಟಿದ್ದರು; ಇನ್ನೂ 73,000 ಉಳಿದಿತ್ತು. ಈ ಲೆಕ್ಕವನ್ನು ಕಾಗದದ ಮೇಲೆ ಮಾಡಿ ತೋರಿಸಿದಾಗ ಅವರ ಮುಖ ವಿವರ್ಣವಾಯಿತು. ತಿಂಗಳಿಗೆ 7,000ದಂತೆ ತಗ್ಗಿಸದೆ ಕಟ್ಟಿದ್ದರೆ, ಹೆಚ್ಚುಕಡಿಮೆ ಅಷ್ಟೇ ಹಣದಲ್ಲಿ ಇಪ್ಪತ್ತೆರಡು ತಿಂಗಳಿಗೆ ಸಾಲವೇ ಮುಗಿಯುತ್ತಿತ್ತು.

"ತಿರುಪತಿಯ ತಿಮ್ಮಪ್ಪನೇ ಸಾಲಗಾರನಲ್ಲವೇ?" ಎಂದು ಅವರು ನಗಲು ಯತ್ನಿಸಿದರು. ನಿಜ. ಪದ್ಮಾವತಿಯ ಕಲ್ಯಾಣಕ್ಕಾಗಿ ಶ್ರೀನಿವಾಸನು ಕುಬೇರನಿಂದ ಸಾಲ ಪಡೆದನೆಂದೂ, ಕಲಿಯುಗದುದ್ದಕ್ಕೂ ಬಡ್ಡಿಯನ್ನು ತೆತ್ತು ಯುಗಾಂತ್ಯದಲ್ಲಿ ಅಸಲನ್ನು ಹಿಂದಿರುಗಿಸುವನೆಂದೂ ಶ್ರೀನಿವಾಸಕಲ್ಯಾಣದ ಕಥೆಯನ್ನು ನಾವೆಲ್ಲ ಪಾರಾಯಣ ಮಾಡಿದವರೇ. ಸರ್ವತಂತ್ರಸ್ವತಂತ್ರನಾದ, ಲಕ್ಷ್ಮೀಪತಿಯಾದ ಅವನಿಗೆ ಅದು ಲೀಲೆ. ನಮಗಾದರೋ ಆ ಕಥೆ ಎಚ್ಚರಿಕೆ: ಬಡ್ಡಿಯನ್ನಷ್ಟೇ ಕಟ್ಟುವವನ ಅಸಲು ಯುಗಾಂತ್ಯಕ್ಕೆ ನಿಲ್ಲುತ್ತದೆ. ಇನ್ನೊಂದು ಸಂಗತಿಯನ್ನೂ ಗಮನಿಸಬೇಕು. ಆ ಸಾಲಕ್ಕೆ ಬ್ರಹ್ಮನೂ ರುದ್ರನೂ ಅಶ್ವತ್ಥವೃಕ್ಷವೂ ಸಾಕ್ಷಿಗಳು. ಲೋಕಕ್ಕೆಲ್ಲ ತಿಳಿದ ಸಾಲವದು. ನಮ್ಮ ಗೃಹಸ್ಥರ ಸಾಲವಾದರೋ ಧರ್ಮಪತ್ನಿಗೂ ತಿಳಿದಿರಲಿಲ್ಲ.

ವನಪರ್ವದಲ್ಲಿ ಯಕ್ಷನು ಯಾರು ಸುಖಿಯೆಂದು ಕೇಳಿದಾಗ, ಸಾಲವಿಲ್ಲದವನೂ ಪರಸ್ಥಳದಲ್ಲಿ ಅಲೆಯದವನೂ ಆಗಿ, ಹೊತ್ತು ಮೀರಿಯಾದರೂ ತನ್ನ ಮನೆಯಲ್ಲಿ ಸೊಪ್ಪನ್ನು ಬೇಯಿಸಿ ಉಣ್ಣುವವನೇ ಸುಖಿಯೆಂದು ಧರ್ಮರಾಜನು ಉತ್ತರಿಸುತ್ತಾನೆ. ಉಡುಪಿಯನ್ನೋ ಧಾರವಾಡವನ್ನೋ ರಾಯಚೂರನ್ನೋ ಬಿಟ್ಟು ಈ ನಗರಕ್ಕೆ ಬಂದ ನಮಗೆ ಅಪ್ರವಾಸಿಗಳಾಗುವ ಭಾಗ್ಯ ತಪ್ಪಿಹೋಗಿದೆ. ಅನೃಣಿಗಳಾಗುವುದಾದರೂ ನಮ್ಮ ಕೈಯಲ್ಲಿದೆ.

ಶಾಸ್ತ್ರವು ಬಡ್ಡಿಯನ್ನೇ ನಿಷೇಧಿಸಿಲ್ಲ. ಅದಕ್ಕೆ ಕಟ್ಟು ಹಾಕಿದೆ. ವಸಿಷ್ಠರು ವಿಧಿಸಿದ ಬಡ್ಡಿ ತಿಂಗಳಿಗೆ ಎಂಬತ್ತರಲ್ಲೊಂದು ಭಾಗವೆಂದು ಮನು ಹೇಳುತ್ತಾನೆ. ಕೌಟಿಲ್ಯನೂ ನೂರಕ್ಕೆ ಒಂದೂಕಾಲನ್ನೇ ಧರ್ಮ್ಯವೆನ್ನುತ್ತಾನೆ. ವರ್ಷಕ್ಕೆ ಅದು ನೂರಕ್ಕೆ ಹದಿನೈದಾಯಿತು. ಒಮ್ಮೆಲೆ ವಸೂಲು ಮಾಡುವ ಮೊತ್ತವು ಅಸಲಿನ ಇಮ್ಮಡಿಯನ್ನು ಮೀರಕೂಡದೆಂಬ ನಿಯಮವೂ ಉಂಟು. 'ದಾಮದುಪ್ಪಟ್' ಎಂಬ ಹೆಸರಿನಿಂದ ಬ್ರಿಟಿಷರ ಕಾಲದ ಮುಂಬಯಿ ನ್ಯಾಯಾಲಯಗಳೂ ಅದನ್ನು ಮಾನ್ಯ ಮಾಡಿದ್ದವು. ಬ್ಯಾಂಕಿನ ಕಾರ್ಡಿಗೆ ಅಂಥ ಕಟ್ಟಿಲ್ಲ. ವರ್ಷಕ್ಕೆ ನೂರಕ್ಕೆ 30ಕ್ಕಿಂತ ಹೆಚ್ಚು ಬಡ್ಡಿ ಅನ್ಯಾಯವೆಂದು ರಾಷ್ಟ್ರೀಯ ಗ್ರಾಹಕ ಆಯೋಗವು 2008ರಲ್ಲಿ ಹೇಳಿತ್ತು. 2024ರ ಡಿಸೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಆ ಆದೇಶವನ್ನು ರದ್ದುಪಡಿಸಿತು. ಆದುದರಿಂದ ಕಟ್ಟನ್ನು ನಾವೇ ಹಾಕಿಕೊಳ್ಳಬೇಕಾಗಿದೆ.

ಶ್ರೀಮದಾಚಾರ್ಯರ ಬಾಲ್ಯದ ಪ್ರಸಂಗವನ್ನು ಇಲ್ಲಿ ಸ್ಮರಿಸೋಣ. ಪಾಜಕದಲ್ಲಿ ಮಧ್ಯಗೇಹಭಟ್ಟರಿಗೆ ಎತ್ತನ್ನು ಮಾರಿದವನು ಹಣಕ್ಕಾಗಿ ಬಂದು ಪಟ್ಟುಹಿಡಿದು ಕುಳಿತಾಗ, ಬಾಲಕ ವಾಸುದೇವನು ಹುಣಿಸೆಬೀಜಗಳನ್ನಿತ್ತು ಆತನನ್ನು ತೃಪ್ತಿಪಡಿಸಿದನು. ಆಮೇಲೆ ತಂದೆಯವರು ಹಣ ಕೊಡಹೋದರೆ, ನಿಮ್ಮ ಮಗನಿಂದಲೇ ಸಂದಾಯವಾಯಿತೆಂದು ಅವನು ಸ್ವೀಕರಿಸಲಿಲ್ಲ. ಮಹಿಮೆಯ ಕಥೆಯೆಂದು ಇದನ್ನು ಹೇಳುತ್ತೇವೆ, ಸರಿ. ಆದರೆ ವಾಯುದೇವರ ಅವತಾರವಾಗಿದ್ದೂ ಆಚಾರ್ಯರು ಸಾಲವನ್ನು ಇಲ್ಲವೆನ್ನಲಿಲ್ಲ, ಸಾಲಿಗನನ್ನು ಬರಿಗೈಯಲ್ಲಿ ಕಳುಹಿಸಲಿಲ್ಲ. ಮಗ ಕೊಟ್ಟ ಮೇಲೂ ತಂದೆ ಹಣ ಹಿಡಿದು ಹೋದರು. ಜಗತ್ತು ಸತ್ಯವೆಂಬುದು ನಮ್ಮ ಸಿದ್ಧಾಂತ. ಜಗತ್ತು ಸತ್ಯವಾದರೆ ಬಿಲ್ಲೂ ಸತ್ಯ. ಬಿಚ್ಚದೆ ಕಪಾಟಿನಲ್ಲಿಟ್ಟ ಲಕೋಟೆ ಮಿಥ್ಯೆಯಾಗಲಾರದು.

ಅವರ ಸಾಲ ದುರ್ವ್ಯಸನದ್ದಲ್ಲ ಎಂಬುದೇ ನಮ್ಮನ್ನು ಹೆಚ್ಚು ಕಾಡಿತು. ಎರಡು ದಿನದ ಹಾಲು, ಮುನ್ನೂರು ಎಲೆ, ಊರಿನಿಂದ ಬಂದವರಿಗೆ ಉಡುಗೊರೆ. ಧರ್ಮಕಾರ್ಯಕ್ಕೆ ಕೈ ಹಿಡಿಯಬಾರದೆಂದು ಅವರ ನಂಬಿಕೆ. ವಿತ್ತಶಾಠ್ಯ ಕೂಡದೆಂದು ಶಾಸ್ತ್ರವು ಹೇಳುವುದು ಇದ್ದೂ ಕೊಡದವನಿಗೆ. ಇಲ್ಲದವನು ಸಾಲ ತಂದು ಕೊಡಲಿ ಎಂದಲ್ಲ. ಸಂಕಲ್ಪದಲ್ಲಿ 'ಯಥಾಶಕ್ತಿ' ಎಂದು ಬಾಯಿಯಲ್ಲಿ ಉಚ್ಚರಿಸುತ್ತಲೇ ಶಕ್ತಿಯನ್ನು ಮೀರುವ ನಮ್ಮ ಅಭ್ಯಾಸವು ಆ ಸಂಕಲ್ಪಕ್ಕೇ ಅಪಚಾರವಲ್ಲವೇ? ಶ್ರಾದ್ಧದಲ್ಲಿಯೂ ಅನುಕೂಲವಿಲ್ಲದವನಿಗೆ ಆಮಶ್ರಾದ್ಧ, ಹಿರಣ್ಯಶ್ರಾದ್ಧಗಳು ಹೇಳಲ್ಪಟ್ಟಿವೆ. ಉಪನಯನಕ್ಕೆ ಮುಖ್ಯವಾದುದು ಗಾಯತ್ರಿಯ ಉಪದೇಶ. ಸಾಮೂಹಿಕವಾಗಿ ಮಠಗಳಲ್ಲಿ ನಡೆಯುವ ಉಪನಯನದಲ್ಲಿ ವಟುವಿಗೆ ಕಡಿಮೆ ಗಾಯತ್ರಿಯನ್ನೇನೂ ಉಪದೇಶಿಸುವುದಿಲ್ಲ!

ಇನ್ನು ಪರಿಹಾರದ ಮಾತು. ಹಿಂದೆ ಗಿರಣಿಗಳ ಕಾಲದಲ್ಲಿ, ಸಂಬಳದ ದಿನ ಪಠಾಣರು ಬಾಗಿಲಲ್ಲೇ ಕಾದಿದ್ದು ರೂಪಾಯಿಗೆ ತಿಂಗಳಿಗೆ ಒಂದಾಣೆಯಂತೆ ಬಡ್ಡಿ ಎತ್ತುತ್ತಿದ್ದುದನ್ನು ರೈಲ್ವೆಯ ಹಿರಿಯರಿಂದ ಕೇಳಿದ್ದೇವೆ. ನೌಕರರು ತಮ್ಮ ತಮ್ಮಲ್ಲೇ ಪಾಲುಹಣ ಕೂಡಿಸಿ ಕ್ರೆಡಿಟ್ ಸೊಸೈಟಿಗಳನ್ನು ಕಟ್ಟಿದ್ದು ಅಂಥ ಬಡ್ಡಿಯಿಂದ ಪಾರಾಗಲೆಂದೇ. ಆಗ ಮುಂಬಯಿ ಪ್ರಾಂತಕ್ಕೇ ಸೇರಿದ್ದ ಗದಗಿನ ಬಳಿಯ ಕಣಗಿನಹಾಳದಲ್ಲಿ 1905ರಲ್ಲಿಯೇ ಸಿದ್ದನಗೌಡ ಪಾಟೀಲರು ರೈತರ ಸಹಕಾರಿ ಸಂಘವನ್ನು ಸ್ಥಾಪಿಸಿದ್ದರು. ಉದ್ಯೋಗದ ಸ್ಥಳದಲ್ಲಿ ಇಂಥ ಸೊಸೈಟಿಯುಳ್ಳವರು ಮೊದಲು ಅಲ್ಲಿಗೆ ಹೋಗಬೇಕು. ವರ್ಷಕ್ಕೆ ನೂರಕ್ಕೆ ಹನ್ನೆರಡರಂತೆ ಸಿಕ್ಕರೂ, ಲಕ್ಷ ರೂಪಾಯಿಯ ಸಾಲವು ತಿಂಗಳಿಗೆ 5,000ದಂತೆ ಇಪ್ಪತ್ತಮೂರು ತಿಂಗಳಲ್ಲಿ, ಒಟ್ಟು 1,12,000ಕ್ಕೆ ತೀರುತ್ತದೆ. ಕಾರ್ಡನ್ನು ಅಂದೇ ಕತ್ತರಿಸಬೇಕು. ಇಲ್ಲವಾದರೆ ಒಂದರ ಬದಲು ಎರಡು ಸಾಲಗಳಾಗುತ್ತವೆ. ಮೊಬೈಲಿನಲ್ಲಿ ಐದು ನಿಮಿಷಕ್ಕೆ ಹಣ ಕೊಡುವ ಆ್ಯಪ್‌ಗಳ ಕಡೆಗೆ ತಿರುಗಿಯೂ ನೋಡಬಾರದು. ಅವುಗಳಿಂದ ಈಗಾಗಲೇ ಬೆದರಿಕೆಗೊಳಗಾದವರು ನಾಚಿಕೆ ಬಿಟ್ಟು 1930 ಸಂಖ್ಯೆಗೆ ದೂರು ಕೊಡಲಿ.

ನಮ್ಮ ಗೃಹಸ್ಥರಿಗೆ ಸೊಸೈಟಿ ಇರಲಿಲ್ಲ, ಮನೆಯಲ್ಲಿ ಬಂಗಾರವಿತ್ತು. ಆದರೆ ಅದು ಸ್ತ್ರೀಧನ. ದುರ್ಭಿಕ್ಷ, ಧರ್ಮಕಾರ್ಯ, ವ್ಯಾಧಿ, ಬಂಧನಗಳ ಹೊರತು ಪತಿಯು ಅದನ್ನು ಮುಟ್ಟಿದರೆ ಹಿಂದಿರುಗಿಸಬೇಕೆಂದು ಯಾಜ್ಞವಲ್ಕ್ಯರ ಮತ. ಕೇಳದೆ ಒಯ್ಯಬೇಡಿರಿ, ಮೊದಲು ಆಕೆಗೆ ಎಲ್ಲವನ್ನೂ ತಿಳಿಸಿರಿ ಎಂದೆವು. ಅವರು ಬಹಳ ಹೊತ್ತು ಮಾತನಾಡಲಿಲ್ಲ. ಹಣಕ್ಕಿಂತ ಅದೇ ಅವರಿಗೆ ಕಷ್ಟವೆಂದು ನಮಗೂ ಕಂಡಿತು. ಮಗನ ಉಪನಯನಕ್ಕೆಂದು ಬಂದ ಬಡವನಿಗೆ ಮೂಗುತಿಯನ್ನು ಬಿಚ್ಚಿಕೊಟ್ಟವಳು ಶ್ರೀನಿವಾಸನಾಯಕನ ಪತ್ನಿ ಸರಸ್ವತಿ. ಬಡ್ಡಿವ್ಯಾಪಾರಿಯಾಗಿದ್ದ ಪತಿ ಪುರಂದರದಾಸರಾದದ್ದು ಅದರ ಮೇಲೆಯೇ. ಅದನ್ನು ಅವರಿಗೆ ನೆನಪಿಸಿದೆವು.

ಮುಂದಿನ ಗುರುವಾರ ದಂಪತಿಗಳಿಬ್ಬರೂ ಬಂದರು. ಆಕೆ ಅತ್ತಿದ್ದುದು ಕಣ್ಣಿನಲ್ಲಿ ತಿಳಿಯುತ್ತಿತ್ತು. "ಸಾಲಕ್ಕಲ್ಲ, ಮೂರು ವರ್ಷ ಒಬ್ಬರೇ ಹೊತ್ತರಲ್ಲ ಅಂತ" ಎಂದಷ್ಟೇ ಹೇಳಿದರು. ನಾಲ್ಕು ಬಳೆಗಳನ್ನು ಬ್ಯಾಂಕಿನಲ್ಲಿ ಒತ್ತೆಯಿಟ್ಟು, ವರ್ಷಕ್ಕೆ ನೂರಕ್ಕೆ ಹತ್ತರ ಬಡ್ಡಿಗೆ ಹಣ ತಂದು ಕಾರ್ಡಿನ ಬಾಕಿಯನ್ನು ಪೂರ್ತಿ ತೀರಿಸಿದರು. ತಿಂಗಳ 5,000 ಈಗ ಅಲ್ಲಿಗೆ ಹೋಗುತ್ತದೆ. ಅದನ್ನು ಹೊಂದಿಸುವ ಬಗೆಯನ್ನು ಆಕೆಯೇ ಕಂಡುಕೊಂಡರು: ಚಾತುರ್ಮಾಸ್ಯದಲ್ಲಿ ಒಂದೊಂದು ತಿಂಗಳು ತರಕಾರಿ, ಮೊಸರು, ಹಾಲು, ಬೇಳೆಗಳನ್ನು ಬಿಟ್ಟು ನಡೆಸುವ ಮನೆಗೆ, ಸಾಲ ತೀರುವವರೆಗೆ ಹೋಟೆಲು, ಹೊಸ ಸೀರೆ, ಕೇಬಲ್ಲುಗಳನ್ನು ಬಿಡುವುದು ಏನು ಮಹಾ ಎಂದು.

ಕಾರ್ತಿಕದಲ್ಲಿ ಭೇಟಿಯಾದಾಗ 32,000 ಉಳಿದಿತ್ತು. ಸ್ತೋತ್ರವನ್ನು ಈಗ ಇಬ್ಬರೂ ಕೂಡಿಯೇ ಹೇಳುತ್ತಾರಂತೆ. ಲೆಕ್ಕದ ಪುಸ್ತಕ ಮಾತ್ರ ಆಕೆಯ ಕೈಯಲ್ಲಿದೆ.

॥ ಶ್ರೀಕೃಷ್ಣಾರ್ಪಣಮಸ್ತು ॥