‘ಟೆಸ್ಟಿಂಗ್ ಅಷ್ಟೇ, ಕೂತ್ಕೊಳ್ಳಿ’

ದೊಡ್ಡ ಕಟ್ಟಡಗಳಲ್ಲಿ ಕೆಲಸ ಮಾಡುವವರಿಗೆ ಇದು ಪರಿಚಿತ. ಫೈರ್ ಅಲಾರಂ ಏಕಾಏಕಿ ಕೂಗುತ್ತದೆ. ಯಾರೋ ತಲೆ ಎತ್ತುತ್ತಾರೆ. ಪಕ್ಕದವರು ‘ಟೆಸ್ಟಿಂಗ್ ಅಷ್ಟೇ’ ಎನ್ನುತ್ತಾರೆ. ಎತ್ತಿದ ತಲೆ ಮತ್ತೆ ಕೆಳಗಿಳಿಯುತ್ತದೆ. ‘ಬೆಂಕಿ ಬಿದ್ದಿದೆ, ಹೊರಡಿ’ ಎಂದು ಅಲಾರಂ ಹೇಳಿತು. ಬೆಂಕಿ ಇರಲಿಲ್ಲ. ಹಾಗಾದರೆ ಅದು ಸುಳ್ಳು ಹೇಳಿತೇ? ದಿನದ ಬಹುಪಾಲನ್ನು ಗ್ರಂಥಾಲಯದ ಮೇಲಿನ ಮಹಡಿಯಲ್ಲಿ ಕಳೆಯುವ ನನ್ನಂಥ ಸಂಶೋಧನಾ ವಿದ್ಯಾರ್ಥಿಗಳಿಗೆ ಇದು ಬರೀ ತರ್ಕದ ಆಟವಲ್ಲ.

ಮಾತು ನಿಜವಲ್ಲದಿದ್ದರೆ ಅಷ್ಟಕ್ಕೇ ಅದು ಸುಳ್ಳಾಗುವುದಿಲ್ಲ, ಮೋಸ ಮಾಡುವ ಉದ್ದೇಶವೂ ಇರಬೇಕು ಎಂಬುದು ಸಂತ ಅಗಸ್ಟೀನನಷ್ಟು ಹಳೆಯ ವಿಚಾರ. ಈ ಆರೋಪದಿಂದ ಪಾರಾಗುವ ಒಂದು ದಾರಿ ಬ್ರಿಟನ್ನಿನ ಬಿಎಸ್ 5839 ಎಂಬ ಮಾನದಂಡದಲ್ಲಿದೆ. ವಾರಕ್ಕೊಮ್ಮೆ, ಹೆಚ್ಚುಕಡಿಮೆ ಒಂದೇ ಹೊತ್ತಿಗೆ, ಗೋಡೆಯ ಮೇಲಿನ ಕೆಂಪು ಪೆಟ್ಟಿಗೆಗಳಲ್ಲಿ ಒಂದನ್ನು ಒತ್ತಿ ನೋಡಬೇಕು. ವಾರ ವಾರವೂ ಬೇರೆ ಪೆಟ್ಟಿಗೆ. ಸದ್ದು ಸಾಮಾನ್ಯವಾಗಿ ಒಂದು ನಿಮಿಷ ಮೀರಬಾರದು. ಪರೀಕ್ಷೆಯ ಹೊತ್ತಿಗೇ ನಿಜವಾದ ಬೆಂಕಿ ಬಿದ್ದರೆ, ನಿಲ್ಲದ ಸದ್ದೇ ಅದನ್ನು ತಿಳಿಸಬೇಕಲ್ಲ! ಅಂದರೆ ಅಲಾರಂನ ಅರ್ಥ ಸದ್ದಿನಲ್ಲಷ್ಟೇ ಇಲ್ಲ, ಯಾವಾಗ ಮತ್ತು ಎಷ್ಟು ಹೊತ್ತು ಎಂಬುದರಲ್ಲೂ ಇದೆ. ಗೊತ್ತಾದ ಹೊತ್ತಿಗೆ ಕೂಗಿ, ಗೊತ್ತಾದ ಹೊತ್ತಿಗೆ ನಿಂತ ಅಲಾರಂ ‘ನನಗಿನ್ನೂ ದನಿಯಿದೆ’ ಎಂದಷ್ಟೇ ಹೇಳುತ್ತದೆ. ಅದು ಸುಳ್ಳಲ್ಲ.

ಆದರೆ ಈ ಪ್ರಾಮಾಣಿಕತೆ ಉಳಿಯಬೇಕಾದರೆ ಕೇಳುವವರಿಗೂ ಆ ಕ್ರಮ ತಿಳಿದಿರಬೇಕು. ನಮ್ಮಲ್ಲಿ ಎಷ್ಟೋ ಕಡೆ ಅದಕ್ಕೆ ಗೊತ್ತಾದ ದಿನವಿಲ್ಲ, ಹೊತ್ತಿಲ್ಲ, ಮುನ್ಸೂಚನೆಯ ಒಂದು ಚೀಟಿಯೂ ಇಲ್ಲ. ಕೂಗಿದಾಗಲೆಲ್ಲ ‘ಟೆಸ್ಟಿಂಗ್’ ಎಂಬ ಅರ್ಥವನ್ನು ನಾವೇ ಹಚ್ಚುತ್ತೇವೆ. ಡೆನ್ಮಾರ್ಕಿನ ತತ್ತ್ವಜ್ಞಾನಿ ಕಿರ್ಕೆಗಾರ್ಡ್ 1843ರಲ್ಲಿ ಪ್ರಕಟಿಸಿದ ‘ಈದರ್/ಆರ್’ ಗ್ರಂಥದಲ್ಲಿ ಒಂದು ಪುಟ್ಟ ಪ್ರಸಂಗ ಬರುತ್ತದೆ. ನಾಟಕಶಾಲೆಯ ತೆರೆಮರೆಯಲ್ಲಿ ಬೆಂಕಿ ಹೊತ್ತಿಕೊಳ್ಳುತ್ತದೆ. ವಿದೂಷಕ ಓಡಿಬಂದು ಪ್ರೇಕ್ಷಕರನ್ನು ಎಚ್ಚರಿಸುತ್ತಾನೆ. ತಮಾಷೆಯೆಂದುಕೊಂಡು ಅವರು ಚಪ್ಪಾಳೆ ತಟ್ಟುತ್ತಾರೆ. ಮತ್ತೆ ಹೇಳಿದರೆ ಚಪ್ಪಾಳೆ ಇನ್ನೂ ಜೋರಾಗುತ್ತದೆ. ನಮ್ಮ ಶಾಲಾ ಪಾಠದ ‘ತೋಳ ಬಂತು ತೋಳ’ದ ಹುಡುಗ ಮೊದಲು ಸುಳ್ಳು ಹೇಳಿದ್ದ, ಈ ವಿದೂಷಕ ಹೇಳಿರಲಿಲ್ಲ. ಅವನು ತೊಟ್ಟಿದ್ದ ವೇಷವೇ ಅವನ ಮಾತನ್ನು ಕೆಡಿಸಿತು. ಅಲಾರಂಗೆ ಆ ವೇಷ ತೊಡಿಸಿದವರು ನಾವು.

ಇಲ್ಲಿ ‘ನಾವು’ ಎಂದದ್ದು ಸುಮ್ಮನೆ ಅಲ್ಲ. 1968ರಲ್ಲಿ ಬಿಬ್ ಲಟಾನೆ ಮತ್ತು ಜಾನ್ ಡಾರ್ಲಿ ಎಂಬ ಅಮೆರಿಕದ ಮನೋವಿಜ್ಞಾನಿಗಳು ಒಂದು ಪ್ರಯೋಗದ ಫಲಿತಾಂಶ ಪ್ರಕಟಿಸಿದರು. ವಿದ್ಯಾರ್ಥಿಗಳು ಕೋಣೆಯೊಂದರಲ್ಲಿ ಕೂತು ಪ್ರಶ್ನಾವಳಿ ತುಂಬುತ್ತಿದ್ದಾಗ ಗೋಡೆಯ ಕಿಂಡಿಯಿಂದ ಹೊಗೆ ಬಿಟ್ಟರು. ಒಬ್ಬರೇ ಇದ್ದವರಲ್ಲಿ 75% ಮಂದಿ ಎದ್ದು ಹೋಗಿ ತಿಳಿಸಿದರು. ಏನೂ ಆಗದವರಂತೆ ಕೂರಲು ಮೊದಲೇ ಹೇಳಿಟ್ಟಿದ್ದ ಇಬ್ಬರು ಜೊತೆಗಿದ್ದಾಗ ತಿಳಿಸಿದವರು 10% ಮಾತ್ರ. ಉಳಿದವರು ಹೊಗೆಯಲ್ಲೇ ಕೆಮ್ಮುತ್ತ, ಕಣ್ಣುಜ್ಜುತ್ತ ಬರೆಯುತ್ತಿದ್ದರು. ಆಮೇಲೆ ಕೇಳಿದರೆ ಅದು ಆವಿ ಇರಬಹುದು, ಎಸಿಯದ್ದಿರಬಹುದು ಎಂದರು. ಇವರು ಹೇಡಿಗಳಾಗಿರಲಿಲ್ಲ. ಪಕ್ಕದವರ ಮುಖ ನೋಡಿ ಹೊಗೆಯ ಅರ್ಥ ತಿಳಿದುಕೊಂಡರು, ಅಷ್ಟೇ.

ಇದು ನಿಜವಾದರೆ, ಅಲಾರಂ ಕೂಗಿದಾಗ ನಾನು ಕೂತೇ ಇರುವುದು ನನ್ನೊಬ್ಬಳ ವಿಷಯವಲ್ಲ. ‘ಏನೂ ಆಗಿಲ್ಲ’ ಎಂದು ಪಕ್ಕದವರಿಗೆ ನಾನು ಹೇಳುವ ಸಾಕ್ಷಿ ಅದು. ನನ್ನ ಪ್ರಾಣದ ಬಗ್ಗೆ ಉದಾಸೀನ ಮಾಡುವ ಹಕ್ಕು ನನಗಿದೆ ಎಂದು ಒಪ್ಪಿಕೊಂಡರೂ, ಗೊತ್ತಿಲ್ಲದ ಸಂಗತಿಗೆ ಸಾಕ್ಷಿ ಹೇಳುವ ಹಕ್ಕಿಲ್ಲ.

ಹಾಗೆಂದು ಪ್ರತಿ ಸಲ ಎದ್ದು ಓಡಬೇಕೆ, ಕೆಲಸ ಆಗಬೇಡವೇ ಎಂದು ಕೇಳಬಹುದು. ಪ್ರಶ್ನೆ ಸರಿಯಾಗಿದೆ. ಟೆಸ್ಟಿಂಗ್ ಯಂತ್ರದ ಪರೀಕ್ಷೆ, ಮಾಕ್ ಡ್ರಿಲ್ ಮನುಷ್ಯರ ಅಭ್ಯಾಸ. ಮೊದಲೇ ತಿಳಿಸಿ ಮಾಡಿದ ಟೆಸ್ಟಿಂಗ್‌ಗೆ ಏಳಬೇಕಿಲ್ಲ. ತಿಳಿಸದಿದ್ದಾಗ ಏಳಲೇಬೇಕು. ಆಮೇಲೆ ಅದು ಟೆಸ್ಟಿಂಗ್ ಎಂದು ಗೊತ್ತಾದರೆ, ನಗುವವರು ನಗಲಿ. ಆದರೆ ತಿಳಿಸದೆ ಕೂಗಿಸಿದ್ದೇಕೆ ಎಂದು ಕಟ್ಟಡದ ಉಸ್ತುವಾರಿಯವರನ್ನು ಕೇಳಬೇಕು.

ನಮ್ಮಲ್ಲಿ ಈ ಎರಡೂ ಎಷ್ಟೋ ಸಲ ರಿಜಿಸ್ಟರಿನ ಒಂದು ಸಹಿಯಲ್ಲಿ ಮುಗಿದುಹೋಗುತ್ತವೆ. 2010ರ ಫೆಬ್ರವರಿ 23ರಂದು ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್‌ನಲ್ಲಿ ಬೆಂಕಿ ಬಿದ್ದು 9 ಜನ ಸತ್ತರು. ಹೊಗೆ ತಾಳಲಾರದೆ ಕೆಲವರು ಕಿಟಕಿಯಿಂದ ಜಿಗಿದರು. ತುರ್ತು ನಿರ್ಗಮನದ ಬಾಗಿಲುಗಳಿಗೆ ಬೀಗವಿತ್ತೆಂದು ಆಗಿನ ವರದಿಗಳು ಹೇಳಿದವು. ಬೀಗ ಒಂದೇ ದಿನದಲ್ಲಿ ಬೀಳುವುದಿಲ್ಲ. ಆ ದಾರಿಯಲ್ಲಿ ಯಾರೂ ಇಳಿದು ನೋಡದ ಬಹಳ ದಿನಗಳು ಅದರ ಹಿಂದಿರುತ್ತವೆ. ಅಲಾರಂ ಎಷ್ಟು ಚೆನ್ನಾಗಿ ಕೂಗಿದರೂ ಅದು ಬೀಗ ತೆಗೆಯಲಾರದು.

ಇದಕ್ಕೆ ಎದುರಾದ ಉದಾಹರಣೆಯೂ ಇದೆ. ನ್ಯೂಯಾರ್ಕಿನ ವರ್ಲ್ಡ್ ಟ್ರೇಡ್ ಸೆಂಟರ್‌ನಲ್ಲಿ ಮಾರ್ಗನ್ ಸ್ಟಾನ್ಲಿ ಕಂಪನಿಯ ಭದ್ರತಾ ಮುಖ್ಯಸ್ಥನಾಗಿದ್ದ ರಿಕ್ ರೆಸ್ಕೋರ್ಲಾ, 1993ರ ಬಾಂಬ್ ಸ್ಫೋಟದ ನಂತರ ಸಿಬ್ಬಂದಿಯನ್ನು ಮತ್ತೆ ಮತ್ತೆ ಮೆಟ್ಟಿಲಿಳಿಸಿ ಅಭ್ಯಾಸ ಮಾಡಿಸಿದ. ಕೆಲಸ ಕೆಡುತ್ತದೆಂದು ಅವರು ಗೊಣಗುತ್ತಿದ್ದರು. 2001ರ ಸೆಪ್ಟೆಂಬರ್ 11ರಂದು ಪಕ್ಕದ ಗೋಪುರ ಉರಿಯುತ್ತಿದ್ದಾಗ, ಇದ್ದಲ್ಲೇ ಇರಿ ಎಂಬ ಸೂಚನೆ ದಕ್ಷಿಣ ಗೋಪುರದವರಿಗೆ ಬಂದಿತ್ತು. ಅದನ್ನು ಲೆಕ್ಕಿಸದೆ ಅವನು ತನ್ನವರನ್ನು ಹೊರಡಿಸಿದ. ಸುಮಾರು 2,700 ಮಂದಿಯಲ್ಲಿ ಬಹುತೇಕ ಎಲ್ಲರೂ ಬದುಕಿದರು. ಉಳಿದವರನ್ನು ಕರೆತರಲು ಮತ್ತೆ ಮೇಲೆ ಹೋದ ಅವನು ಬದುಕಲಿಲ್ಲ.

ಆ ಒಂದು ದಿನ ಬಾರದೇ ಇದ್ದಿದ್ದರೆ ರೆಸ್ಕೋರ್ಲಾ ಎಲ್ಲರಿಗೂ ಕಿರಿಕಿರಿ ಮಾಡುತ್ತಿದ್ದ ಅಧಿಕಾರಿಯಾಗಿಯೇ ನಿವೃತ್ತನಾಗುತ್ತಿದ್ದ. ಆಗಲೂ ಅವನು ಮಾಡಿಸಿದ ಅಭ್ಯಾಸ ಅಷ್ಟೇ ಸರಿಯಾಗಿರುತ್ತಿತ್ತು. ಏನೂ ಆಗದ ದಿನಗಳಲ್ಲಿ ಮಾಡುವ ಈ ಕೆಲಸಕ್ಕೆ ಯಾರೂ ಧನ್ಯವಾದ ಹೇಳುವುದಿಲ್ಲ, ಅದು ಫಲಿಸಿತೋ ಇಲ್ಲವೋ ಎಂಬುದೂ ಸಾಮಾನ್ಯವಾಗಿ ತಿಳಿಯುವುದಿಲ್ಲ. ಅದಕ್ಕೇ ಅದನ್ನು ನೈತಿಕತೆಯ ಲೆಕ್ಕಕ್ಕೆ ಹಿಡಿಯಲು ನಾವು ಮರೆಯುತ್ತೇವೆ. ಅಲಾರಂ ಪರೀಕ್ಷೆ ಸದ್ದು ನಿಂತಾಗ ಮುಗಿಯುವುದಿಲ್ಲ. ಯಾರಾದರೂ ಒಬ್ಬರು ಹಿಂದಿನ ಮೆಟ್ಟಿಲಿಳಿದು, ಕೆಳಗಿನ ಬಾಗಿಲನ್ನು ತಳ್ಳಿ, ಅದು ತೆರೆಯುತ್ತದೆಯೇ ಎಂದು ನೋಡಿ ಬರಬೇಕು.